ಗಣೇಶನ ಮುಂದಿನ ಕುಣಿತ, ಕಾಂಪೌಂಡಿನ ಮೇಲಿನ ಕಣ್ಣು

ಭಾದ್ರಪದ ಶುದ್ಧ ಚೌತಿಯಂದು ಬೀದಿಯ ಪೆಂಡಾಲಿನಲ್ಲಿ ಕೂರುವ ಗಣೇಶ ಮೂರನೆಯ ದಿನವೋ ಐದನೆಯ ದಿನವೋ ಹನ್ನೊಂದನೆಯ ದಿನವೋ ಕೆರೆಗೆ ಹೊರಡುತ್ತಾನೆ. ಬೆಂಗಳೂರಿನಂಥ ಊರಿನಲ್ಲಿ ಇದು ನಡೆಯುವುದು ಪಂಚಾಂಗಕ್ಕಿಂತ ಹೆಚ್ಚಾಗಿ ರಜೆಯ ಲೆಕ್ಕದಲ್ಲಿ. ಚೌತಿ ಕಳೆದು ವಾರಗಳಾದರೂ ಭಾನುವಾರ ಸಂಜೆ ಯಾವುದೋ ಕ್ರಾಸಿನಿಂದ ತಮಟೆ ಕೇಳಿಸುತ್ತದೆ. ಕೆರೆ ಎಷ್ಟೇ ದೂರವಿರಲಿ, ಮೆರವಣಿಗೆಯ ಬಹುಪಾಲು ಹೊತ್ತು ಕಳೆಯುವುದು ಸ್ವಂತ ಬೀದಿಯಲ್ಲೇ, ಹತ್ತು ಹೆಜ್ಜೆಗೊಮ್ಮೆ ನಿಂತು ತೆವಳುತ್ತಾ. ಆ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಮುಂದೆ ಹುಡುಗರು ಕುಣಿಯುತ್ತಾರೆ, ಹುಡುಗಿಯರು ನೋಡುತ್ತಾರೆ. ಈಚೆಗೆ ಹುಡುಗಿಯರೂ ಕುಣಿಯುತ್ತಾರೆ, ಹುಡುಗರು ನೋಡುತ್ತಾರೆ. ಇವರು ಒಬ್ಬರನ್ನೊಬ್ಬರು ನೋಡುವುದನ್ನು ಗೇಟಿನ ಬಳಿ, ಕಾಂಪೌಂಡಿನ ಮೇಲೆ, ಮಹಡಿಯ ಕಂಬಿ ಹಿಡಿದು ನಿಂತ ಹಿರಿಯರು ನೋಡುತ್ತಾರೆ.

ಈ ಮೂರನೆಯ ನೋಟದ ಬಗ್ಗೆ ಬರೆದವರು ಕಡಿಮೆ. ಮೆರವಣಿಗೆಯಲ್ಲಿ ಹುಡುಗರು ಕೆಟ್ಟರು ಎನ್ನುವವರಿದ್ದಾರೆ, ಹರೆಯದವರನ್ನು ಅವರ ಪಾಡಿಗೆ ಬಿಡಿ ಎನ್ನುವವರಿದ್ದಾರೆ. ಇಬ್ಬರೂ ಕಾಂಪೌಂಡಿನ ಮೇಲಿನ ಕಣ್ಣನ್ನು ಪೊಲೀಸಿನ ಕಣ್ಣೆಂದೇ ತಿಳಿಯುತ್ತಾರೆ. ಒಬ್ಬರಿಗೆ ಆ ಪೊಲೀಸು ಸಾಲದು, ಇನ್ನೊಬ್ಬರಿಗೆ ಬೇಡ. ಆದರೆ ಬೀದಿಯ ಹಿರಿಯರು ಕಂಡೂ ಕಾಣದಂತೆ ನಿಲ್ಲುವ ಆ ರೀತಿಯೇ ಹರೆಯದ ಚೆಲ್ಲಾಟಕ್ಕೆ ಜಾಗ ಮಾಡಿಕೊಡುತ್ತದೆ. ಮೆರವಣಿಗೆ ಕೆಡುವುದು ಆ ನೋಟ ಕೆಟ್ಟಾಗ.

ಹತ್ತಿರ ಹೋಗಿ ನೋಡಿದರೆ ಇದರ ಕೆಲಸ ಕಾಣುತ್ತದೆ. ಟ್ರೈಲರಿಗೆ ಬಾಳೆಕಂಬ ಕಟ್ಟಿ, ಸೀರಿಯಲ್ ಲೈಟು ಬಿಟ್ಟು, ಹಿಂದೆ ಜನರೇಟರ್ ಇಟ್ಟಿರುತ್ತಾರೆ. ತಮಟೆಯವರು ನಾಲ್ಕೈದು ಮಂದಿ. ಹೊರಡುವ ಮುಂಚೆ ರಸ್ತೆಯ ಬದಿಯಲ್ಲಿ ಪೇಪರು, ರಟ್ಟು ಸುಟ್ಟು, ಆ ಬೆಂಕಿಗೆ ತಮಟೆಯನ್ನು ಹಿಡಿದು ಚರ್ಮ ಬಿಗಿಯಾಗುವ ತನಕ ಕಾಯಿಸುತ್ತಾರೆ. ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಮೊದಲ ಪೆಟ್ಟು ನಿಧಾನ. ಆಗ ಕುಣಿಯುವವರು ಎರಡನೆಯ ಕ್ಲಾಸಿನ ಮಕ್ಕಳು ಮತ್ತು ಬೆಳಿಗ್ಗೆಯಿಂದಲೇ ತೇಲುತ್ತಿರುವ ಒಬ್ಬ ಚಿಕ್ಕಪ್ಪ. ಪೆಟ್ಟು ಚುರುಕಾದಂತೆ ಕಾಲೇಜಿನ ಹುಡುಗರು ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಬರುತ್ತಾರೆ. ಕರ್ಚೀಫು ಹಲ್ಲಿಗೆ ಸಿಗುತ್ತದೆ, ಲುಂಗಿ ಇದ್ದರೆ ಮೇಲಕ್ಕೆ ಕಟ್ಟಿಕೊಳ್ಳುತ್ತದೆ, ಟಪ್ಪಾಂಗುಚ್ಚಿ ಶುರುವಾಗುತ್ತದೆ. ಒಳ್ಳೆಯ ತಮಟೆಗಾರ ಕುಣಿಯುವವನ ಕಾಲನ್ನೇ ನೋಡುತ್ತಿರುತ್ತಾನೆ. ಹುಡುಗ ಕುಕ್ಕರುಗಾಲಲ್ಲಿ ಕೂತರೆ ಇವನೂ ಕೂತು ನೆಲಮಟ್ಟದಲ್ಲಿ ಬಾರಿಸುತ್ತಾನೆ, ಅವನು ಹಾರಿದರೆ ಇವನೂ ಹಾರುತ್ತಾನೆ. ಕುಣಿಯಲು ಬಾರದವನನ್ನೂ ಬಂದವನಂತೆ ತೋರಿಸಿಬಿಡುವುದು ಆ ವಾದ್ಯದ ದೊಡ್ಡತನ.

ಟ್ರ್ಯಾಕ್ಟರ್ ಪ್ರತಿ ಗೇಟಿನ ಮುಂದೆ ನಿಲ್ಲುತ್ತದೆ. ಮನೆಯವರು ಕೊಡದಲ್ಲಿ ನೀರು ತಂದು ಗಾಲಿಯ ಮುಂದೆ ಸುರಿಯುತ್ತಾರೆ, ತೆಂಗಿನಕಾಯಿ, ಹೂವು, ಹಣ್ಣಿನ ತಟ್ಟೆ ಕೊಡುತ್ತಾರೆ. ಟ್ರೈಲರ್ ಎತ್ತರದಲ್ಲಿರುವುದರಿಂದ ತಟ್ಟೆಯನ್ನು ಗೇಟಿನಿಂದ ಮೇಲಕ್ಕೆ ಮುಟ್ಟಿಸಿ, ಕಾಯಿ ಒಡೆಸಿ, ಮಂಗಳಾರತಿ, ಕುಂಕುಮದೊಂದಿಗೆ ಹಿಂದಕ್ಕೆ ತಂದುಕೊಡಲು ಒಬ್ಬ ಬೇಕು. ಆ ಕೆಲಸಕ್ಕೆ ಸಂಘದ ಹುಡುಗರಲ್ಲಿ ಪೈಪೋಟಿ. ಎಲ್ಲ ಮನೆಗೂ ಅಲ್ಲ, ಕೆಲವು ಮನೆಗೆ. ತಟ್ಟೆ ಕೈ ಬದಲಾಗುವ ಅಷ್ಟು ಹೊತ್ತಿನಲ್ಲಿ ಆಗುವ ಮಾತೂ ಅಷ್ಟೇ: ‘ಹೂವು ಇಲ್ಲಿದೆ ತಗೊಳ್ಳಿ’, ‘ಬಾಳೆಹಣ್ಣು ಇನ್ನೊಂದು ಇತ್ತಲ್ಲ?’ ನಾಳೆ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಪರಸ್ಪರ ಗುರುತೇ ಇಲ್ಲದವರಂತೆ ನಿಲ್ಲುವ ಇಬ್ಬರು ಈ ಹೊತ್ತು ಬಾಳೆಹಣ್ಣಿನ ಲೆಕ್ಕ ಮಾತಾಡಬಹುದು. ಆಮೇಲೆ ತಮಟೆ ಮತ್ತೆ ಎದ್ದಾಗ ಆ ಹುಡುಗ ದೇವರಿಗೆ ಬೆನ್ನು ಹಾಕಿ ಆ ಗೇಟಿನ ಕಡೆ ಮುಖ ಮಾಡಿ ಕುಣಿಯುತ್ತಾನೆ. ಅವಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ನಗುತ್ತಾಳೆ, ಅವನು ತಿರುಗಿದಾಗ ಮಾತ್ರ ನೋಡುತ್ತಾಳೆ. ಜಗಲಿಯ ಮೇಲಿನ ಅಜ್ಜಿ ‘ಇವನ್ಯಾಕೆ ನಮ್ಮ ಗೇಟು ಬಿಟ್ಟು ಮುಂದಕ್ಕೇ ಹೋಗಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ಹುಡುಗ ಮುಂದಕ್ಕೆ ಹೋಗುತ್ತಾನೆ.

ದೇವರ ಮುಂದೆ ಇದೆಲ್ಲ ಯಾಕೆ ಎಂಬ ಆಕ್ಷೇಪ ಈಗಿನದೆಂದು ಅನಿಸಿದರೂ, ಹಬ್ಬ ಮತ್ತು ಚೆಲ್ಲಾಟದ ನಂಟು ಆಕ್ಷೇಪಕ್ಕಿಂತ ಬಹಳ ಹಳೆಯದು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಿಕನ ದಿನಚರಿ ಹೇಳುವ ಅಧ್ಯಾಯವು ಸರಸ್ವತಿಯ ಗುಡಿಯಲ್ಲಿ ಗೊತ್ತಾದ ದಿನ ಸೇರುವ ಸಮಾಜವನ್ನೂ ಯಕ್ಷರಾತ್ರಿ, ಕೌಮುದೀಜಾಗರ, ಸುವಸಂತಕದಂಥ ಊರೊಟ್ಟಿನ ಆಟಗಳನ್ನೂ ಪಟ್ಟಿಮಾಡುತ್ತದೆ. ಗಂಡುಹೆಣ್ಣು ಎದುರಾಗಲು ಪಟ್ಟಣ ಮಾಡಿಕೊಂಡಿದ್ದ ಸಂದರ್ಭಗಳು ಇವು. ಬಾದಾಮಿಯ ಇಮ್ಮಡಿ ಪುಲಕೇಶಿ ನರ್ಮದೆಯ ಬಳಿ ತಡೆದ ಅದೇ ಹರ್ಷವರ್ಧನ ಬರೆದನೆನ್ನುವ ‘ರತ್ನಾವಳಿ’ ನಾಟಕ ತೆರೆಯುವುದೇ ಕೌಶಾಂಬಿಯ ಮದನೋತ್ಸವದಲ್ಲಿ. ಬೀದಿಯಲ್ಲಿ ಜನ ಬಣ್ಣದ ಪುಡಿ ತೂರಿ, ನೀರು ಚಿಮ್ಮಿಸಿ ಕುಣಿಯುತ್ತಿದ್ದರೆ ಉದಯನ ರಾಜ ಅರಮನೆಯ ಮೇಲೆ ನಿಂತು ನೋಡುತ್ತಿರುತ್ತಾನೆ. ಅವನ ಜೊತೆಗಿದ್ದ ವಿದೂಷಕನಿಗೆ ತಡೆಯಲಾಗುವುದಿಲ್ಲ. ಕುಣಿಯುತ್ತಾ ಬಂದ ಇಬ್ಬರು ಸೇವಕಿಯರ ನಡುವೆ ನುಗ್ಗಿ ತಾನೂ ಕುಣಿದು ನಗೆಪಾಟಲಾಗುತ್ತಾನೆ. ಮೆರವಣಿಗೆಯಲ್ಲಿ ಬೆಳಿಗ್ಗೆಯಿಂದ ತೇಲುತ್ತಿರುವ ಚಿಕ್ಕಪ್ಪನಿಗೆ ಹದಿಮೂರು ಶತಮಾನದ ಹಿಂದೆಯೇ ನಾಟಕದಲ್ಲಿ ಪಾತ್ರವಿತ್ತು. ನೋಡುವ ಹಿರಿಯನಿಗೂ ಇತ್ತು.

ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆಯ ಮೇಲೆ ಸಾಲುಸಾಲಾಗಿ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಣ್ಣುಗಳ ಮೆರವಣಿಗೆ ಕೆತ್ತಿದ್ದಾರೆ. ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ಓಕುಳಿಯಾಟವೂ ಇದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸ್ ಮಹಾನವಮಿಯನ್ನು ವರ್ಣಿಸುವಾಗ ನರ್ತಕಿಯರ ವಿಷಯಕ್ಕೆ ಮರಳಿ ಮರಳಿ ಬರುತ್ತಾನೆ. ಆದರೆ ಇವೆಲ್ಲ ಅರಮನೆಯ ಮೆರವಣಿಗೆಗಳು, ಕುಣಿತ ಅಲ್ಲಿ ಊಳಿಗ. ಜನಸಾಮಾನ್ಯರ ಒಲವಿಗೆ ಹಬ್ಬ ಅವಕಾಶ ಕೊಟ್ಟದ್ದು ನೋಡಬೇಕಾದರೆ ಚಾಮರಾಜನಗರಕ್ಕೆ ಹೋಗಬೇಕು. ಅಲ್ಲಿನ ಚಾಮರಾಜೇಶ್ವರ ರಥೋತ್ಸವ ನಡೆಯುವುದು ಆಷಾಢದಲ್ಲಿ. ಸಂಪ್ರದಾಯ ಹೊಸ ಗಂಡಹೆಂಡಿರನ್ನು ಬೇರೆ ಬೇರೆ ಮನೆಯಲ್ಲಿರಿಸುವ ತಿಂಗಳು ಅದು. ಅದೇ ತಿಂಗಳಲ್ಲಿ ಸುತ್ತಮುತ್ತಲಿನ ನವದಂಪತಿಗಳು ತೇರಿಗೆ ಬಂದು ಒಟ್ಟಿಗೆ ನಿಂತು ಹಣ್ಣುಜವನ ಎಸೆಯುತ್ತಾರೆ. ಶಾಸ್ತ್ರ ಬಾಗಿಲು ಮುಚ್ಚಿದ ಕಡೆ ಜಾತ್ರೆ ಕಿಟಕಿ ತೆರೆದಿಟ್ಟಿದೆ, ಯಾವ ಹಿರಿಯರೂ ಇದನ್ನು ವಿರೋಧಾಭಾಸವೆಂದು ಎತ್ತಿ ಆಡಿದಂತಿಲ್ಲ.

ಸಾರ್ವಜನಿಕ ಗಣೇಶನಿಗೆ ಇಷ್ಟು ಹಿಂದಿನ ಇತಿಹಾಸವಿಲ್ಲ. ಮನೆಯ ಪೂಜೆಯನ್ನು ಬೀದಿಗೆ ತಂದು ಜನ ಸೇರಿಸುವ ಕೆಲಸಕ್ಕೆ 1893ರಿಂದ ಪುಣೆಯಲ್ಲಿ ಬಾಲಗಂಗಾಧರ ಟಿಳಕರು ಬಲ ಕೊಟ್ಟರು. ಆ ಕಾಲದ ‘ಮೇಳ’ಗಳಲ್ಲಿ ಹಾಡುತ್ತಾ ಹೆಜ್ಜೆ ಹಾಕುತ್ತಾ ಹೋಗುತ್ತಿದ್ದವರು ಬಹುತೇಕ ವಿದ್ಯಾರ್ಥಿಗಳು, ಹುಡುಗರು. ಮೆರವಣಿಗೆಯ ಮುಂದೆ ಹರೆಯ ಇರಬೇಕೆಂಬ ಲೆಕ್ಕ ಆಗಲೇ ಇತ್ತು, ರಾಜಕೀಯದ ಲೆಕ್ಕವಾಗಿ. ಹರೆಯಕ್ಕೆ ತನ್ನದೇ ಇನ್ನೊಂದು ಲೆಕ್ಕ ಇರುತ್ತದೆಂಬುದು ಸಂಘಟಕರ ಯೋಜನೆಯಲ್ಲಿ ಇರಲಿಲ್ಲ. ಇದ್ದಿದ್ದರೂ ಅವರು ಮಾಡುವುದೇನೂ ಇರಲಿಲ್ಲ.

ಚೆಲ್ಲಾಟ ಪ್ರೇಮವಲ್ಲ, ಕಾಮವೂ ಅಲ್ಲ, ಮದುವೆಯ ಮುನ್ನುಡಿಯಂತೂ ಅಲ್ಲವೇ ಅಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮೆಲ್ ಇದರ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಒಪ್ಪಿಗೆಗೂ ನಿರಾಕರಣೆಗೂ ನಡುವೆ ತೂಗಾಡುವುದೇ ಅದರ ಜೀವ, ಎರಡರಲ್ಲಿ ಒಂದು ಖಚಿತವಾದ ಕೂಡಲೇ ಆಟ ಮುಗಿಯುತ್ತದೆ ಎಂಬುದು ಅವರ ವಾದದ ತಿರುಳು. ಬೀದಿಯ ಮೆರವಣಿಗೆ ಈ ತೂಗಾಟಕ್ಕೆ ಹೇಳಿಮಾಡಿಸಿದಂತಿದೆ. ಹುಡುಗ ಯಾರಿಗಾಗಿ ಕುಣಿದ ಎಂದು ಕೇಳಿದರೆ ‘ಗಣೇಶನಿಗೆ’ ಎನ್ನಬಹುದು. ಹುಡುಗಿ ಗೇಟಿಗೆ ಯಾಕೆ ಬಂದಳು ಎಂದರೆ ಆರತಿಗೆ. ಇಬ್ಬರ ಉತ್ತರವೂ ಸುಳ್ಳಲ್ಲ. ಅರ್ಧ ಗಂಟೆಯಲ್ಲಿ ಟ್ರ್ಯಾಕ್ಟರ್ ಮುಂದಿನ ಮನೆಗೆ ಸರಿಯುತ್ತದೆ, ಏನೂ ಆಗಿಲ್ಲದಿದ್ದರೆ ಯಾರ ಮಾನವೂ ಹೋಗಿರುವುದಿಲ್ಲ. ಹಳೆಯ ಮೆಕ್ಸಿಕೊದ ಊರುಗಳಲ್ಲಿ ಭಾನುವಾರ ಸಂಜೆ ಚೌಕದ ಸುತ್ತ ಹುಡುಗರು ಒಂದು ದಿಕ್ಕಿಗೆ, ಹುಡುಗಿಯರು ಎದುರು ದಿಕ್ಕಿಗೆ ಸುತ್ತುತ್ತಿದ್ದರು. ಅಮ್ಮಂದಿರು ಬೆಂಚಿನ ಮೇಲೆ ಕೂತಿರುತ್ತಿದ್ದರು. ಪ್ರತಿ ಸುತ್ತಿಗೆ ಎರಡು ಸಲ ಎದುರಾಗುವುದು, ದಾಟಿ ಹೋಗುವುದು. ಚಲನೆಯಲ್ಲಿರುವಾಗ ನೋಟಕ್ಕೆ ನೆವ ಬೇಕಾಗುವುದಿಲ್ಲ ಎಂಬುದನ್ನು ಬೇರೆ ಬೇರೆ ಜನ ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದಾರೆ.

ಕುಣಿತ ಇದಕ್ಕೆ ಇನ್ನೊಂದು ಗುಣ ಸೇರಿಸುತ್ತದೆ. ಮಾತಿನಲ್ಲಿ ಜಾಣನಾದವನು ಕುಣಿತದಲ್ಲಿ ಪೆದ್ದನಾಗಿ ಕಾಣುವುದುಂಟು. ಕ್ಲಾಸಿನಲ್ಲಿ ಬಾಯಿ ಬಿಡದವನು ತಮಟೆಯ ಮುಂದೆ ಬೇರೆಯೇ ಮನುಷ್ಯನಾಗುವುದುಂಟು. ಗ್ಯಾರೇಜಿನ ಹುಡುಗ, ಇಂಜಿನಿಯರಿಂಗ್ ಹುಡುಗ, ಹಾಲಿನ ಅಂಗಡಿಯವರ ಮಗ ಇವರೆಲ್ಲ ಒಂದೇ ವೃತ್ತದಲ್ಲಿ ಅಳೆಯಲ್ಪಡುವ ಸಂದರ್ಭ ವರ್ಷದಲ್ಲಿ ಇನ್ನೊಂದಿಲ್ಲ. ಅಂದು ಗೆಲ್ಲುವವನು ಸಾಮಾನ್ಯವಾಗಿ ಗ್ಯಾರೇಜಿನವನು.

ಈಗ ನೋಡುವವರ ವಿಷಯ. ಅವರು ನೋಡುವುದು ಬರೀ ಕಾಳಜಿಯಿಂದ ಎಂದರೆ ನಂಬುವವರಿಲ್ಲ. ಬೇಸರ ಕಳೆಯಲು ನೋಡುತ್ತಾರೆ, ತಮ್ಮ ಕಾಲ ನೆನೆದು ನೋಡುತ್ತಾರೆ, ಹೊಟ್ಟೆಯುರಿಯಿಂದ ನೋಡುತ್ತಾರೆ, ಕೆಲವರು ಮದುವೆಯ ಲೆಕ್ಕ ಹಾಕುತ್ತಾ ನೋಡುತ್ತಾರೆ. ಮನಸ್ಸು ಏನೇ ಇರಲಿ, ಅವರು ಅಲ್ಲಿ ನಿಂತಿರುವುದರಿಂದ ಆಗುವ ಉಪಯೋಗ ಆಗಿಯೇ ಆಗುತ್ತದೆ. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ನಗರದ ಬೀದಿಯನ್ನು ಸುರಕ್ಷಿತವಾಗಿಡುವುದು ಪೊಲೀಸರಿಗಿಂತ ಮೊದಲು ಅಂಗಡಿಯವರು, ಮನೆಯವರು ಬೀದಿಯ ಮೇಲಿಟ್ಟ ಕಣ್ಣುಗಳು ಎಂದು ವಾದಿಸಿದರು. ಆ ಕಣ್ಣುಗಳವರು ಕಾವಲಿಗೆಂದು ನಿಂತವರಲ್ಲ. ಬೀದಿಯಲ್ಲಿ ನೋಡುವಂಥದ್ದೇನೋ ಇದೆ, ಅದಕ್ಕೆ ನಿಂತವರು. ಗಣೇಶನ ಮೆರವಣಿಗೆಗಿಂತ ನೋಡುವಂಥದ್ದು ಒಂದು ಬೀದಿಗೆ ವರ್ಷದಲ್ಲಿ ಬೇರೇನಿದೆ?

ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ಇನ್ನೊಂದು ಸೂಕ್ಷ್ಮ ಗುರುತಿಸಿದರು. ಸಾರ್ವಜನಿಕ ಜಾಗದಲ್ಲಿ ಮರ್ಯಾದಸ್ಥರು ಎದುರಿನವರನ್ನು ಕಂಡೆ ಎನ್ನುವಷ್ಟು ನೋಡಿ, ಕೂಡಲೇ ದೃಷ್ಟಿ ಬೇರೆಡೆಗೆ ಹಾಯಿಸುತ್ತಾರೆ. ಹಾಗೆ ಮಾಡಿ ‘ನಿನ್ನ ಮೇಲೆ ನನಗೆ ಅನುಮಾನವೂ ಇಲ್ಲ, ವಿಪರೀತ ಕುತೂಹಲವೂ ಇಲ್ಲ’ ಎಂದು ತಿಳಿಸುತ್ತಾರೆ. ನಮ್ಮ ಬೀದಿಯ ಹಿರಿಯರು ಇದನ್ನು ಇನ್ನೊಂದು ಹಂತಕ್ಕೆ ಒಯ್ದಿದ್ದಾರೆ. ಅವರು ಕಂಡದ್ದನ್ನು ಕಂಡಿಲ್ಲವೆನ್ನುವುದಿಲ್ಲ, ಕಿಂಡಲ್ ಮಾಡಿ ಬಿಡುತ್ತಾರೆ. ಅಜ್ಜಿಯ ಗೇಟಿನ ಮಾತು ಗದರಿಕೆಯೂ ಹೌದು, ಪರವಾನಗಿಯೂ ಹೌದು: ಇಷ್ಟರವರೆಗೆ ಸರಿ, ಇನ್ನು ಸಾಕು. ಇದನ್ನು ಅಪ್ಪನಿಗೆ ಹೇಳಿದ್ದರೆ ಜಗಳ, ಹೇಳದೆ ನುಂಗಿಕೊಂಡಿದ್ದರೆ ಗುಟ್ಟು. ಎಲ್ಲರೆದುರು ನಗೆಯಾಗಿ ಆಡಿದ್ದರಿಂದ ವಿಷಯ ಅಲ್ಲಿಗೇ ಹಗುರಾಯಿತು.

ಹರೆಯದವರಿಗೆ ಇಷ್ಟು ಕಣ್ಣುಗಳ ಉಪದ್ರವ ಯಾಕೆ, ಅವರವರು ಫೋನಿನಲ್ಲಿ ಮಾತಾಡಿಕೊಳ್ಳಲಿ ಎನ್ನುವ ವಾದಕ್ಕೂ ಉತ್ತರ ಬೇಕು. ಅವರು ಹೇಗೂ ಮಾತಾಡಿಕೊಳ್ಳುತ್ತಿದ್ದಾರೆ, ಮಾತಾಡಲಿ. ಫೋನಿನಲ್ಲಿ ಸಿಗದ ಒಂದು ಪಾಠ ಬೀದಿಯಲ್ಲಿದೆ. ಮೆಸೇಜಿಗೆ ಉತ್ತರ ಬಾರದಿದ್ದರೆ ಅದು ಬೇಡವೆಂಬ ಅರ್ಥವೋ ನೆಟ್‌ವರ್ಕ್ ಇಲ್ಲವೋ ಗೊತ್ತಾಗುವುದಿಲ್ಲ, ಗೊತ್ತಿದ್ದವನೂ ಗೊತ್ತಿಲ್ಲದಂತೆ ಇನ್ನೊಂದು ಕಳಿಸಬಹುದು. ಮೆರವಣಿಗೆಯಲ್ಲಿ ಹುಡುಗಿ ಗೇಟು ಮುಚ್ಚಿ ಒಳಗೆ ಹೋದರೆ ಅದರ ಅರ್ಥ ಇಡೀ ಬೀದಿಗೆ ಗೊತ್ತು. ಮತ್ತೆ ಅದೇ ಗೇಟಿನ ಮುಂದೆ ಕುಣಿದವನಿಗೆ ಸ್ನೇಹಿತರೇ ‘ಬಾರೋ ಸಾಕು’ ಎಂದು ಕಾಲರ್ ಹಿಡಿದು ಎಳೆಯುತ್ತಾರೆ. ಬೇಡ ಎನ್ನುವುದನ್ನು ಓದುವುದು, ಓದಿ ಸೋತು, ಸೋತ ಮೇಲೂ ಕುಣಿತ ಮುಂದುವರಿಸುವುದು ಕಲಿಯಬೇಕಾದ ವಿದ್ಯೆ. ಸಿನಿಮಾ ಅದನ್ನು ಕಲಿಸಲಿಲ್ಲ. ನಾಯಕಿ ಬೇಡವೆಂದಷ್ಟೂ ನಾಯಕ ಬೆನ್ನು ಹತ್ತಿ ಕಡೆಗೆ ಒಲಿಸಿಕೊಳ್ಳುವ ಕತೆಯನ್ನು ದಶಕಗಳ ಕಾಲ ಪ್ರೇಮವೆಂದು ಮಾರಿತು. 2013ರಲ್ಲಿ ದಂಡಸಂಹಿತೆಗೆ ಸೇರಿದ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿರುವ ಹಿಂಬಾಲಿಕೆಯ ಅಪರಾಧದ ಮುಖ್ಯ ಲಕ್ಷಣವೂ ಇದೇ: ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿದ ಮೇಲೂ ಗಂಡು ಮತ್ತೆ ಮತ್ತೆ ಬೆನ್ನು ಹತ್ತುವುದು, ಸಂಪರ್ಕಿಸಲು ಯತ್ನಿಸುವುದು.

ಇಲ್ಲಿಯವರೆಗೆ ಬೀದಿಯ ಕಣ್ಣನ್ನು ಹೊಗಳಿದ್ದಾಯಿತು. ಆ ಕಣ್ಣಿನ ಇನ್ನೊಂದು ಕೆಲಸವನ್ನು ಮುಚ್ಚಿಟ್ಟರೆ ವಾದ ಅರ್ಧಂಬರ್ಧ. ಜಗಲಿಯ ಮೇಲಿನ ಅಜ್ಜಿ ನಕ್ಕದ್ದು ಹುಡುಗ ‘ನಮ್ಮವನು’ ಎಂದು ತಿಳಿದಿದ್ದರಿಂದ ಇರಬಹುದು. ತಟ್ಟೆ ಹಿಡಿದವನು ಬೇರೆ ಕೇರಿಯವನಾಗಿದ್ದರೆ ಅದೇ ಬಾಯಿಂದ ‘ಯಾರ ಮನೆಯವನೋ ನೀನು’ ಎಂಬ ಪ್ರಶ್ನೆ ಬರುತ್ತಿತ್ತು, ಅದರಲ್ಲಿ ನಗೆ ಇರುತ್ತಿರಲಿಲ್ಲ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಜಾತಿಯವರಾದ ಮದುವೆಗಳು ಕಂಡದ್ದು ನೂರಕ್ಕೆ ಸುಮಾರು ಐದು. ಆ ಉಳಿದ ತೊಂಬತ್ತೈದನ್ನು ಕಾದು ನಿಲ್ಲಿಸಿರುವ ಕಣ್ಣುಗಳಲ್ಲಿ ಈ ಕಾಂಪೌಂಡಿನವೂ ಸೇರಿವೆ. ಇಬ್ಬರು ವಯಸ್ಕರು ಮೆಚ್ಚಿ ಮದುವೆಯಾಗಲು ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕೋರ್ಟಿನ ಮಾತು ಜಗಲಿಯವರೆಗೆ ಬರಲು ಇನ್ನೂ ಹೊತ್ತು ಬೇಕು.

ವೃತ್ತದ ನಡುವೆಯೇ ಇದರ ಸಾಕ್ಷಿ ನಿಂತಿದೆ. ಇಡೀ ಮೆರವಣಿಗೆಯನ್ನು ಎಬ್ಬಿಸಿ ಕುಣಿಸುವ ತಮಟೆಯವರು ಬಹುಮಟ್ಟಿಗೆ ದಲಿತರು. ಅವರಲ್ಲೂ ಹರೆಯದ ಹುಡುಗರಿರುತ್ತಾರೆ, ನೋಡಲು ಚೆನ್ನಾಗಿರುತ್ತಾರೆ, ಕುಣಿಯುವವರಿಗಿಂತ ಚೆನ್ನಾಗಿ ಕುಣಿಯುತ್ತಾರೆ. ಆದರೂ ಚೆಲ್ಲಾಟದ ಲೆಕ್ಕದಲ್ಲಿ ಅವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಬಾರಿಸಿದ್ದಕ್ಕೆ ಹಣ, ಊಟ ಕೊಟ್ಟು ಕಳಿಸುತ್ತಾರೆ. ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ವಾದ್ಯಕ್ಕೆ ಗೌರವ ಬಂದಷ್ಟು ಸುಲಭವಾಗಿ ವಾದ್ಯದ ಹುಡುಗನಿಗೆ ಗೇಟು ತೆರೆಯುವುದಿಲ್ಲ. ಉತ್ತರ ಕರ್ನಾಟಕದ ಕೆಲವು ಊರುಗಳ ಓಕುಳಿಯಲ್ಲಿ ಇದಕ್ಕಿಂತ ಕ್ರೂರವಾದ ರೂಪವಿತ್ತು. ಗಂಡಸರು ನೀರೆರಚುವುದು, ಹೆಂಗಸರು ಅವರನ್ನು ಹೊಡೆಯುವುದು ಆಟದ ಕ್ರಮ. ಆದರೆ ಒದ್ದೆ ಸೀರೆಯಲ್ಲಿ ಊರಿನ ನಡುವೆ ನಿಲ್ಲಬೇಕಾಗುತ್ತಿದ್ದವರು ದಲಿತ ಹೆಂಗಸರು. ಅಲ್ಲಿ ಒಂದು ಕಡೆಯವರು ನೋಡುವವರು, ಇನ್ನೊಂದು ಕಡೆಯವರು ನೋಡಿಸಿಕೊಳ್ಳುವವರು. ಬೇಡವೆನ್ನುವ ಅಧಿಕಾರ ನೋಡಿಸಿಕೊಳ್ಳುವವರಿಗೆ ಇರಲಿಲ್ಲ. ಪ್ರತಿಭಟನೆಯಾದದ್ದು ನ್ಯಾಯವಾಗಿಯೇ ಇತ್ತು. ನೋಡಿಸಿಕೊಳ್ಳುವವರು ಎದ್ದು ಹೋಗಬಲ್ಲರೇ ಎಂದು ಕೇಳಿದರೆ ಚೆಲ್ಲಾಟ ಯಾವುದು, ಹಿಂಸೆ ಯಾವುದು ಎಂದು ತಿಳಿಯುತ್ತದೆ.

ಇದೇ ಪ್ರಶ್ನೆಯನ್ನು ಗೇಟಿನ ಒಳಗಿರುವ ಹುಡುಗಿಯ ಕಡೆಯಿಂದ ಕೇಳಬೇಕು. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಮುಂಬೈಯ ಬೀದಿಗಳನ್ನು ಅಭ್ಯಸಿಸಿ 2011ರಲ್ಲಿ ಪ್ರಕಟಿಸಿದ ಪುಸ್ತಕದ ವಾದ ಇಲ್ಲಿಗೆ ಸಲ್ಲುತ್ತದೆ: ಗಂಡು ಸುಮ್ಮನೆ ಬೀದಿಯಲ್ಲಿ ನಿಲ್ಲಬಹುದು, ಹೆಣ್ಣು ಅಲ್ಲಿರಲು ಏನಾದರೂ ಕೆಲಸವಿದೆಯೆಂದು ತೋರಿಸುತ್ತಿರಬೇಕು. ಆರತಿ ತಟ್ಟೆ ಅಂಥ ಕೆಲಸ. ಕೈಯಲ್ಲಿ ತಟ್ಟೆ ಇರುವಷ್ಟು ಹೊತ್ತು ಅವಳು ಹೊರಗಿರಬಹುದು. ತಟ್ಟೆ ಖಾಲಿಯಾದ ಮೇಲೆ ಕಂಬಿಯ ಹಿಂದಕ್ಕೆ. ಅಣ್ಣ ವೃತ್ತದ ಒಳಗೆ ಬೆವರುತ್ತಿರುವಾಗ ತಂಗಿ ಮಹಡಿಯ ಮೇಲೆ ಕೈಕಟ್ಟಿ ನಿಂತು ಕಾಲಿನ ಹೆಬ್ಬೆರಳಲ್ಲಿ ತಾಳ ಹಾಕುತ್ತಿರುತ್ತಾಳೆ.

ಇದು ಈಚಿನ ವರ್ಷಗಳಲ್ಲಿ ಬದಲಾಗಿದೆ, ಈ ಬದಲಾವಣೆಯಷ್ಟು ಒಳ್ಳೆಯದು ಬೀದಿಯ ಗಣೇಶನಿಗೆ ಬೇರೆ ಆಗಿಲ್ಲ. ಅನೇಕ ಬಡಾವಣೆಗಳಲ್ಲಿ ಹುಡುಗಿಯರೂ ಅಮ್ಮಂದಿರೂ ವೃತ್ತಕ್ಕೆ ಇಳಿದಿದ್ದಾರೆ. ಮೊದಲು ಒಂದು ಮೂಲೆಯಲ್ಲಿ ತಮ್ಮದೇ ಪುಟ್ಟ ಗುಂಪು, ಆಮೇಲೆ ನಡುವಿಗೆ. ಹುಡುಗಿಯರು ಕುಣಿಯುವಾಗ ನೋಟದ ದಿಕ್ಕು ತಿರುಗುತ್ತದೆ. ಯಾರನ್ನು ಗಮನಿಸಬೇಕು, ಯಾರಿಗೆ ಬೆನ್ನು ಹಾಕಬೇಕು ಎಂಬುದನ್ನು ಅವಳು ಹೆಜ್ಜೆಯಲ್ಲೇ ಹೇಳಬಲ್ಲಳು. ಇಬ್ಬರೂ ನೋಡಿಸಿಕೊಳ್ಳುವ, ಇಬ್ಬರೂ ಹೊರಟುಹೋಗಬಲ್ಲ ಕಡೆ ಚೆಲ್ಲಾಟ ಹದವಾಗಿರುತ್ತದೆ. ಅಮ್ಮಂದಿರು ಒಳಗಿರುವ ಕುಣಿತದಲ್ಲಿ ಕುಡಿದು ತೂರಾಡುವವನಿಗೆ ತಾನಾಗಿಯೇ ಜಾಗ ಕಡಿಮೆಯಾಗುತ್ತದೆ ಎಂಬುದು ಬೇರೆ ಲಾಭ.

ಈ ಏರ್ಪಾಟನ್ನು ಕೆಡಿಸುತ್ತಿರುವವುಗಳಲ್ಲಿ ಮೊದಲನೆಯದು ಡಿಜೆ. ಲಾರಿಯ ತುಂಬ ಪೇರಿಸಿದ ಸ್ಪೀಕರುಗಳು ಕಿಟಕಿಯ ಗಾಜು ನಡುಗಿಸುವಷ್ಟು ಬಾಸ್ ಹೊರಡಿಸುವಾಗ ‘ಹೂವು ಇಲ್ಲಿದೆ ತಗೊಳ್ಳಿ’ ಎಂಬ ಮಾತಿಗೆ ಜಾಗವಿಲ್ಲ. ಅಜ್ಜಿಯ ಕಿಂಡಲ್ ಅಜ್ಜಿಗೇ ಕೇಳಿಸುವುದಿಲ್ಲ. ಹಸುಗೂಸಿರುವ ಮನೆ, ಹೃದಯದ ಕಾಯಿಲೆಯವರಿರುವ ಮನೆ ಬಾಗಿಲು ಹಾಕುತ್ತದೆ, ಕಾಂಪೌಂಡು ಖಾಲಿಯಾಗುತ್ತದೆ, ಅದರ ಹಿಂದೆಯೇ ಹೆಣ್ಣುಮಕ್ಕಳು ಒಳಗೆ ಹೋಗುತ್ತಾರೆ. ಉಳಿಯುವುದು ಗಂಡಸರ ಗುಂಪು, ಅದೂ ಬೇರೆ ಬೇರೆ ಬಡಾವಣೆಯಿಂದ ಬಂದ, ಬೀದಿಗೆ ಗುರುತಿಲ್ಲದ ಗುಂಪು. ತಮಟೆಗಾರ ಕುಣಿಯುವವನ ಕಾಲು ನೋಡುತ್ತಿದ್ದ. ಸ್ಪೀಕರು ಯಾರನ್ನೂ ನೋಡುವುದಿಲ್ಲ. ಕಾನೂನು ಸ್ಪಷ್ಟವಾಗಿಯೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬಗಳಿಗೆಂದು ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಮಾಮೂಲಿ ಮಾತುಕತೆಯೇ 60 ಡೆಸಿಬೆಲ್ ಹತ್ತಿರ ಬರುವುದರಿಂದ 55 ಎಂಬುದು ಯಾವ ಮೆರವಣಿಗೆಗೂ ಪಾಲಿಸಲಾಗದ ಅಂಕೆ, ತಮಟೆಗೂ ಸಹ. ಪಾಲಿಸಲಾಗದ ಅಂಕೆಯನ್ನು ಇಟ್ಟುಕೊಂಡಾಗ ತಮಟೆಯೂ ಡಿಜೆಯೂ ಒಂದೇ ತಪ್ಪಿನ ಪಾಲುದಾರರಾಗುತ್ತವೆ, ಆಮೇಲೆ ಎರಡನ್ನೂ ಬಿಡುವುದೇ ರೂಢಿಯಾಗುತ್ತದೆ.

ಎರಡನೆಯದು ಮೊಬೈಲು. ಕಂಡೂ ಕಾಣದಂತಿರುವುದು ಕಣ್ಣಿಗೆ ಸಾಧ್ಯ, ಕ್ಯಾಮೆರಾಕ್ಕೆ ಸಾಧ್ಯವಿಲ್ಲ. ಬೀದಿ ನೋಡಿದ್ದು ಬೀದಿಯಲ್ಲೇ ಉಳಿದು, ಮುಂದಿನ ಚೌತಿಯ ಹೊತ್ತಿಗೆ ತಮಾಷೆಯ ನೆನಪಾಗುತ್ತಿತ್ತು. ಈಗ ಹದಿನೆಂಟರ ಹುಡುಗಿಯ ಎರಡು ಹೆಜ್ಜೆ ಹದಿನೈದು ಸೆಕೆಂಡಿನ ರೀಲ್ಸ್ ಆಗಿ ಹಳ್ಳಿಯ ದೊಡ್ಡಪ್ಪನ ಫೋನಿಗೂ ಹೋಗುತ್ತದೆ, ಅವಳ ಹೆಸರೂ ಗೊತ್ತಿಲ್ಲದ ಸಾವಿರ ಗಂಡಸರ ಫೋನಿಗೂ ಹೋಗುತ್ತದೆ. ಕೆಳಗೆ ಬರೆದವರ ಮಾತುಗಳನ್ನು ಯಾವ ಅಜ್ಜಿಯೂ ತಿದ್ದುವುದಿಲ್ಲ. ತೂಗಾಡುತ್ತಿದ್ದದ್ದು ದಾಖಲೆಯಾಗಿಬಿಡುತ್ತದೆ. ಎಷ್ಟೋ ಹುಡುಗಿಯರು ವೃತ್ತಕ್ಕೆ ಇಳಿಯುವ ಮೊದಲು ಈಗ ನೋಡುವುದು ಅಪ್ಪ ಎಲ್ಲಿದ್ದಾರೆಂದಲ್ಲ, ಯಾರ ಕೈಯಲ್ಲಿ ಫೋನು ಎತ್ತರದಲ್ಲಿದೆಯೆಂದು.

ಮೂರನೆಯದು ಹೊರಗಿನಿಂದ ಬರುವ ನೀತಿ ಕಾವಲು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದವರು ಸಂಸ್ಕೃತಿಯ ಹೆಸರು ಹೇಳಿದರು. ಹೊಡೆದವರಿಗೆ ಆ ಹುಡುಗಿಯರು ಯಾರ ಮನೆಯವರೆಂದೂ ಗೊತ್ತಿರಲಿಲ್ಲ, ಆ ಹುಡುಗಿಯರಿಗೆ ಇವರೂ ಗೊತ್ತಿರಲಿಲ್ಲ. ಕಾಂಪೌಂಡಿನ ಮೇಲಿನವರಿಗೂ ಇವರಿಗೂ ಇರುವ ಅಂತರ ಇದು. ನೆರೆಯವರು ನಾಳೆಯೂ ಅದೇ ಬೀದಿಯಲ್ಲಿ ಆ ಹುಡುಗನಿಂದ ಗ್ಯಾಸ್ ಸಿಲಿಂಡರ್ ಎತ್ತಿಸಿಕೊಳ್ಳಬೇಕು, ಆ ಹುಡುಗಿಯ ಅಮ್ಮನಿಂದ ಹೆಪ್ಪಿಗೆ ಮೊಸರು ತರಬೇಕು. ಆದ್ದರಿಂದ ಅವರ ಗದರಿಕೆಗೆ ಒಂದು ಮಿತಿಯಿದೆ. ಗುರುತಿಲ್ಲದ ಕಾವಲುಗಾರನಿಗೆ ಅಂಥ ಮಿತಿ ಇಲ್ಲ. ಜಾತಿ ಕಾಯುವ ನೆರೆಯವರು ಈ ಕಾವಲುಗಾರನನ್ನು ಕೆಲವೊಮ್ಮೆ ತಾವೇ ಕರೆಯುತ್ತಾರೆಂಬುದೂ ನಿಜ. ಕರೆದ ಮೇಲೆ ಅವನನ್ನು ವಾಪಸ್ ಕಳಿಸುವುದು ಅವರ ಕೈಯಲ್ಲಿರುವುದಿಲ್ಲ.

ಹಾಗಾದರೆ ಬೀದಿಯ ಸಂಘ ಏನು ಮಾಡಬಹುದು? ಪೊಲೀಸ್ ಠಾಣೆಯ ಅನುಮತಿಗೆ ಬರೆಯುವ ಅರ್ಜಿಯಲ್ಲಿ ಮಾರ್ಗ, ಸಮಯ, ಧ್ವನಿ ಇಷ್ಟೇ ಇರುತ್ತದೆ. ಉಳಿದದ್ದನ್ನು ತೀರ್ಮಾನಿಸುವುದು ವಂತಿಗೆ ಎತ್ತುವ ಏಳೆಂಟು ಜನ. ಡಿಜೆಗೆ ಕೊಡುವ ದುಡ್ಡನ್ನು ತಮಟೆಯವರಿಗೆ ಕೊಡಬಹುದು, ಊಟವನ್ನು ಅವರೊಂದಿಗೆ ಒಂದೇ ಪಂಕ್ತಿಯಲ್ಲಿ ಮಾಡಬಹುದು. ಎಂಟಕ್ಕೆ ಶುರುವಾಗುವ ಮೆರವಣಿಗೆಯನ್ನು ನಾಲ್ಕಕ್ಕೆ ಶುರುಮಾಡಿದರೆ ಹೆಣ್ಣುಮಕ್ಕಳು, ಮುದುಕರು, ಮಕ್ಕಳು ಕಡೆಯ ತನಕ ಇರುತ್ತಾರೆ. ಕುಣಿಯುವವರ ಮುಖಕ್ಕೆ ಫೋನು ಹಿಡಿಯಬೇಡಿ ಎಂದು ಮೈಕಿನಲ್ಲಿ ಒಮ್ಮೆ ಹೇಳಿದರೆ ಎಲ್ಲರೂ ಕೇಳುವುದಿಲ್ಲ, ಅರ್ಧ ಜನ ಕೇಳುತ್ತಾರೆ. ಸಂಘದ ಆ ಏಳೆಂಟು ಜನರಲ್ಲಿ ಬಹಳ ಕಡೆ ಇವತ್ತಿಗೂ ಒಬ್ಬ ಹೆಣ್ಣುಮಗಳಿಲ್ಲ. ಮುಂದಿನ ವರ್ಷದ ವಂತಿಗೆ ಪುಸ್ತಕವನ್ನು ಇಬ್ಬರು ಹುಡುಗಿಯರ ಕೈಗೆ ಕೊಟ್ಟರೆ ಮೇಲಿನ ಬಹುಪಾಲು ತೀರ್ಮಾನಗಳು ಚರ್ಚೆಯಿಲ್ಲದೆ ಆಗುತ್ತವೆ, ತಟ್ಟೆ ಹಿಡಿಯುವ ಪೈಪೋಟಿಯೂ ಎರಡು ಕಡೆಯಿಂದ ನಡೆಯುತ್ತದೆ.